ಏರ್‌ಗನ್‌ಗೆ ‘ಹಂಟಿಂಗ್ ಸ್ಕೋಪ್’ ಮಾರುವವರಿದ್ದಾರೆ, ಹುಷಾರು!

ಬೆಂಗಳೂರಿನಲ್ಲಿ ಏರ್‌ಗನ್ ಇಟ್ಟುಕೊಂಡು, ಕಡಿಮೆ ದುಡ್ಡಲ್ಲಿ ಅದಕ್ಕೊಂದು ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿಸೋಣ ಅಂತ ಅಂಗಡಿ ಸುತ್ತುತ್ತಿರುವವರು ದಯವಿಟ್ಟು ಇದನ್ನು ಓದಿ. ಡಬ್ಬದ ಮೇಲೆ ಕೊಂಬಿನ ಜಿಂಕೆ ಚಿತ್ರ ಇರುತ್ತದೆ. ಅದನ್ನು ತೋರಿಸಿ ಅಂಗಡಿಯವನು, “ಸಾರ್, ಇದು ಹಂಟಿಂಗ್ ಸ್ಕೋಪ್. ದೊಡ್ಡ ದೊಡ್ಡ ರೈಫಲ್ ಒದೆತಾನೇ ತಡ್ಕೊಳ್ಳುತ್ತೆ, ಏರ್‌ಗನ್ ಯಾವ ಲೆಕ್ಕ?” ಅಂದರೆ ಅಲ್ಲಿಂದ ಎದ್ದು ಬನ್ನಿ. ಈ ಒಂದು ಮಾತಿಗೆ ನನ್ನ 5,200 ರೂಪಾಯಿ ಹೋಯಿತು. ಅದನ್ನು ಗನ್ ಮೇಲೆ ಕೂರಿಸುವ ಮೌಂಟ್‌ಗೆ ಅಂತ ಮತ್ತೆ 600. ದುಡ್ಡು ಹೋಗಲಿ, ಆಮೇಲೆ ಅವನು ಕೊಟ್ಟ ಉತ್ತರಗಳಿವೆಯಲ್ಲ, ಅವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಟೆಯಾಡುವವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ದೇಶದಲ್ಲಿ ಮೊಲ, ನವಿಲು, ಕಾಡುಹಂದಿ ಅಂತ ಗನ್ ಹಿಡಿದು ಹೊರಟರೆ ಕೇಸು ಬೀಳುತ್ತದೆ. ಏರ್‌ಗನ್‌ನಲ್ಲಿ ಹೊಡೆದರೂ ಅಷ್ಟೇ. ನನ್ನದು ಮಾಗಡಿ ಕಡೆ ಭಾವನ ತೋಟದಲ್ಲಿ ಮಣ್ಣಿನ ದಿಬ್ಬಕ್ಕೆ ಕಾಗದ ಚುಚ್ಚಿ ಹೊಡೆಯುವ ಹುಚ್ಚು. .177 (ನಳಿಗೆಯ ತೂತಿನ ಅಳತೆ, ಇಂಚಿನಲ್ಲಿ) ಏರ್ ರೈಫಲ್, ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಮಾಮೂಲಿ ಮಾದರಿ. ನಲವತ್ತು ದಾಟಿದ ಕಣ್ಣಿಗೆ ಗುರಿ ಹಿಡಿಯಲು ಗನ್ ಮೇಲಿರುವ ಹಿಂದಿನ ಸೈಟು, ಮುಂದಿನ ಸೈಟು, ಆಚೆಯ ಗುರಿ ಮೂರೂ ಒಟ್ಟಿಗೆ ನೆಟ್ಟಗೆ ಕಾಣುವುದಿಲ್ಲ. ಅದಕ್ಕೆ ಸ್ಕೋಪ್ ಬೇಕಾಯಿತು. ಇಷ್ಟನ್ನೂ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿದ್ದೇನೆ. “ಸ್ಪ್ರಿಂಗ್ ಗನ್, ಇಪ್ಪತ್ತು ಇಪ್ಪತ್ತೈದು ಮೀಟರ್‌ನಲ್ಲಿ ಹೊಡೀತೀನಿ” ಅಂತ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂಗಡಿ ಚಿಕ್ಕಪೇಟೆ ಹತ್ತಿರದ ಒಂದು ಗಲ್ಲಿಯಲ್ಲಿದೆ. ಅವನು ತೆಗೆದದ್ದು 3-9x50. ಅಂದರೆ ಮೂರರಿಂದ ಒಂಬತ್ತು ಪಟ್ಟು ಜೂಮ್, ಮುಂದಿನ ಗಾಜು 50 ಮಿಲಿಮೀಟರ್. ಕೆಂಪು, ಹಸಿರು ಲೈಟು ಬೇರೆ. ಒಂದು ಲೇಸರ್ ಫ್ರೀ. ಬಾಗಿಲಿಗೆ ಕರೆದುಕೊಂಡು ಬಂದು, ರಸ್ತೆಯ ಆ ತುದಿಯ ಕಟ್ಟಡದ ಮೇಲಿದ್ದ ನೀರಿನ ಟ್ಯಾಂಕ್ ತೋರಿಸಿದ. “ನೋಡಿ ಸಾರ್, ಟ್ಯಾಂಕ್ ಮೇಲಿನ ಅಕ್ಷರ ಓದಬಹುದು.” ಓದಬಹುದಿತ್ತು! ಸ್ಫಟಿಕದ ಥರ ಇತ್ತು. “ಒಲಿಂಪಿಕ್ಸ್‌ನವರೂ ಇಂಥದ್ದೇ ಹಾಕೋದು ಸಾರ್, ಬಿಂದ್ರಾ ನೋಡಿಲ್ವಾ?” ಅಂದ. ಮನೆಗೆ ಬಂದು ನೋಡಿದರೆ ಅದು ಶುದ್ಧ ಸುಳ್ಳು. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದುರ್ಬೀನು ಹಾಕುವಂತೆಯೇ ಇಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಸಣ್ಣ ತೂತಿನ ಸೈಟ್‌ನಲ್ಲಿ ನೋಡಿ. ಒಬ್ಬ ಮನುಷ್ಯ ವ್ಯಾಪಾರಕ್ಕೆ ಬಿಂದ್ರಾ ಹೆಸರನ್ನೂ ಬಿಡುವುದಿಲ್ಲ ಅಂದರೆ!

ಆ ಟ್ಯಾಂಕ್ ತೋರಿಸಿದ್ದರಲ್ಲೇ ಕೈಚಳಕ ಇದ್ದದ್ದು. ಇಂಥ ಸ್ಕೋಪ್‌ಗಳಲ್ಲಿ ಹೆಚ್ಚಿನವನ್ನು ಕಾರ್ಖಾನೆಯಲ್ಲೇ ಸುಮಾರು ನೂರು ಗಜದ ದೂರಕ್ಕೆ ಹೊಂದಿಸಿ ಕಳಿಸಿರುತ್ತಾರೆ. ಕಾಡತೂಸಿನ ರೈಫಲ್‌ಗೆ ಅದು ಸರಿ. ಏರ್‌ಗನ್‌ನವರು ನೋಡುವುದು ಇಪ್ಪತ್ತು ಮೀಟರ್. ಅಲ್ಲಿ ಒಂಬತ್ತು ಪಟ್ಟು ಜೂಮ್ ಹಾಕಿದರೆ ಗುರಿ ಮಸುಕು ಮಸುಕು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತಲೆಯನ್ನು ಸ್ವಲ್ಪ ಅತ್ತಿತ್ತ ಮಾಡಿದರೆ ಸಾಕು, ಗನ್ ಅಲ್ಲಾಡದಿದ್ದರೂ ಕ್ರಾಸ್ ಗೆರೆ ಗುರಿಯ ಮೇಲೆ ಜಾರಾಡುತ್ತದೆ. ಪ್ಯಾರಲಾಕ್ಸ್ ಅನ್ನುವುದು ಇದಕ್ಕೇ. ಹತ್ತಿರದ ದೂರಕ್ಕೆ ತಿರುಗಿಸಿ ಹೊಂದಿಸುವ ರಿಂಗ್ ಇರುವ ಸ್ಕೋಪ್ ಬೇಕು, ಎಒ ಅಂತ ಬರೆದಿರುತ್ತದೆ. “ಇದರಲ್ಲಿ ಎಒ ಇದೆಯಾ?” ಅಂತ ಕೇಳಿದ್ದೆ. “ಅದೆಲ್ಲ ಇನ್‌ಬಿಲ್ಟ್ ಸಾರ್” ಅಂದ. ಇನ್‌ಬಿಲ್ಟ್ ಅಂತೆ!

ಸ್ಕೋಪನ್ನು ಗನ್‌ಗೆ ಬಿಗಿಯಲು ಜೊತೆಗೆ ಬಂದ ರಿಂಗ್‌ಗಳೂ ನನ್ನ ಗನ್‌ಗೆ ಕೂರಲಿಲ್ಲ. ನನ್ನ ಏರ್‌ಗನ್ ಮೇಲೆ ಇರುವುದು ಹನ್ನೊಂದು ಮಿಲಿಮೀಟರ್‌ನ ತೋಡು, ರಿಂಗ್‌ಗಳು ಪಿಕಾಟಿನಿ ಅನ್ನುವ ಅಗಲದ ಪಟ್ಟಿಗೆ ಕೂರುವಂಥವು. ಬೇರೆ ಮೌಂಟ್‌ಗೆ 600 ರೂಪಾಯಿ ಹೋದದ್ದು ಇಲ್ಲೇ.

ಹಬ್ಬದ ರಜೆಗೆ ತೋಟಕ್ಕೆ ಹೋದೆವು. ಮಕ್ಕಳು, ಅಕ್ಕ, ಭಾವ, ಭಾವನ ಅಪ್ಪ ಎಲ್ಲ ಕುರ್ಚಿ ಹಾಕಿಕೊಂಡು ನೋಡಲು ಕೂತರು. ಮೊದಮೊದಲು ಪೆಲೆಟ್ (ಏರ್‌ಗನ್‌ನ ಗುಂಡು) ಒಂದೇ ಕಡೆ, ಗುರಿಯಿಂದ ಎರಡು ಸೆಂಟಿಮೀಟರ್ ಕೆಳಗೆ ಬೀಳುತ್ತಿತ್ತು. ಸ್ಕೋಪ್ ಮೇಲಿನ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಪೆಲೆಟ್ ಬೀಳುವ ಜಾಗ ನೂರು ಗಜಕ್ಕೆ ಕಾಲು ಇಂಚು ಸರಿಯಬೇಕು. ಇಪ್ಪತ್ತೈದು ಮೀಟರ್‌ಗೆ ಎರಡು ಮಿಲಿಮೀಟರ್ ಕೂಡ ಆಗುವುದಿಲ್ಲ. ಲೆಕ್ಕ ಹಾಕಿ ಹನ್ನೊಂದು ಕ್ಲಿಕ್ ತಿರುಗಿಸಿದೆ. ಏನೂ ಆಗಲಿಲ್ಲ. ಇನ್ನೂ ತಿರುಗಿಸಿದೆ. ಏನೂ ಇಲ್ಲ. ಹೊಡೆಯುತ್ತಾ ಹೋದಂತೆ ಇದ್ದಕ್ಕಿದ್ದಂತೆ ಪೆಲೆಟ್ ಕಾಗದದಿಂದಲೇ ಆಚೆ. ಆಮೇಲೆ ಬಲಕ್ಕೆ. ಆಮೇಲೆ ಎಲ್ಲಿಗೋ. ಸ್ಕೋಪ್ ಒಳಗೆ ನೋಡಿದರೆ ಕ್ರಾಸ್ ಗೆರೆಯೇ ವಾಲಿಕೊಂಡಿತ್ತು! ಭಾವ ಎಲ್ಲರ ಎದುರಿಗೆ, “ಬರಿಗಣ್ಣಲ್ಲೇ ಚೆನ್ನಾಗಿ ಹೊಡೀತಿದ್ದೆ ಕಣೋ, ಸುಮ್ನೆ ಐದು ಸಾವಿರ ಕೊಟ್ಟು ಕುರುಡಾದೆ” ಅಂದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ಅಕ್ಕನೂ ನಕ್ಕಳು. ನಾನು ಸ್ಕೋಪ್ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಗಾಜು ಕಟಕಟ ಅನ್ನುತ್ತಿತ್ತು.

ಇದು ಯಾಕೆ ಹೀಗಾಯಿತು ಅಂತ ಆಫೀಸಿನ ಕೊಡಗಿನ ಗೆಳೆಯ ಬಿಡಿಸಿ ಹೇಳಿದ. ಕಾಡತೂಸಿನ ರೈಫಲ್ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಏರ್‌ಗನ್ ಎರಡು ಕಡೆ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಗನ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಸಿಲಿಂಡರ್ ತುದಿಯಲ್ಲಿ ಹೋಗಿ ಗಕ್ಕನೆ ನಿಂತಾಗ ಗನ್ ಮುಂದಕ್ಕೆ ಜಗ್ಗುತ್ತದೆ. ಹಿಂದಿನ ಒದೆತಕ್ಕೆ ಮಾತ್ರ ತಯಾರಾದ ಸ್ಕೋಪ್‌ನ ಗಾಜು, ಗೆರೆ, ಸ್ಪ್ರಿಂಗ್ ಎಲ್ಲ ಈ ಉಲ್ಟಾ ಏಟಿಗೆ ಕಿತ್ತುಕೊಳ್ಳುತ್ತವೆ. ದೊಡ್ಡ ರೈಫಲ್ ಮೇಲೆ ವರ್ಷಗಟ್ಟಲೆ ಬಾಳಿದ ಒಳ್ಳೆಯ ಸ್ಕೋಪ್ ಕೂಡ ಸ್ಪ್ರಿಂಗ್ ಗನ್ ಮೇಲೆ ಹಾಳಾಗಬಹುದು. ಅಂದರೆ ಅಂಗಡಿಯವನ ಮಾತು ಪೂರ್ತಿ ತಲೆಕೆಳಗು! ಏರ್‌ಗನ್ ಯಾವ ಲೆಕ್ಕ ಅಂತೆ. ಏರ್‌ಗನ್ನೇ ಲೆಕ್ಕ ಸ್ವಾಮಿ.

ಅದೇ ಗೆಳೆಯ ಇನ್ನೊಂದು ಪರೀಕ್ಷೆ ಮಾಡಿ ತೋರಿಸಿದ. ನಿಜವಾಗಿ ಟೋಪಿ ಬಿದ್ದದ್ದು ಗೊತ್ತಾಗಿದ್ದು ಆಗ. ಸ್ಕೋಪನ್ನು ಒಂಬತ್ತು ಪಟ್ಟಿಗೆ ಇಟ್ಟು, ಒಂದಡಿ ದೂರ ಹಿಡಿದು, ಬೆಳಕಿರುವ ಆಕಾಶದ ಕಡೆ ತಿರುಗಿಸಿ (ಸೂರ್ಯನ ಕಡೆ ಬೇಡವೇ ಬೇಡ). ಹಿಂದಿನ ಗಾಜಿನಲ್ಲಿ ಬೆಳಕಿನ ಒಂದು ಸಣ್ಣ ಬಿಲ್ಲೆ ಕಾಣುತ್ತದೆ. ಅದರ ಅಗಲವನ್ನು ಒಂಬತ್ತರಿಂದ ಗುಣಿಸಿ. 50 ಮಿಲಿಮೀಟರ್ ಗಾಜು ನಿಜವೇ ಆಗಿದ್ದರೆ ಬಿಲ್ಲೆ ಐದೂವರೆ ಮಿಲಿಮೀಟರ್ ಇರಬೇಕು. ನನ್ನದರಲ್ಲಿ ಇದ್ದದ್ದು ಮೂರು. ಅಂದರೆ ಕೆಲಸ ಮಾಡುವ ಗಾಜು 27 ಮಿಲಿಮೀಟರ್! ಟಾರ್ಚ್ ಹಾಕಿ ಇಣುಕಿದರೆ ದೊಡ್ಡ ಗಾಜಿನ ಹಿಂದೆ ಒಂದು ಕಪ್ಪು ಬಳೆ ಕೂರಿಸಿದ್ದರು. ಗಾಜಿನ ಅಂಚು ಕಳಪೆ, ಅದು ಕಾಣದಿರಲಿ ಅಂತ ಮುಚ್ಚಿದ್ದಾರೆ. 50ಕ್ಕೆ ಅಂತ ಜಾಸ್ತಿ ದುಡ್ಡು ಕೊಟ್ಟದ್ದು ಮುಚ್ಚಿಟ್ಟ ಗಾಜಿಗೆ. ಎಷ್ಟು ಹೊತ್ತು ಆ ಬಳೆಯನ್ನೇ ನೋಡುತ್ತಾ ಕೂತಿದ್ದೆನೋ.

ಈಗ ಅವನ ಉತ್ತರಗಳು. ವಾಟ್ಸಾಪ್‌ನಲ್ಲಿ ಇರುವುದನ್ನು ಇದ್ದಂತೆ ಹೇಳುತ್ತಿದ್ದೇನೆ.

ಮೊದಲು, “ಸಾರ್ ನೀವು ಸ್ಕ್ರೂ ಜಾಸ್ತಿ ಟೈಟ್ ಮಾಡಿದ್ದೀರ.” ಸ್ಕ್ರೂ ಟೈಟ್ ಮಾಡಿದ್ದು ಇವನ ಹುಡುಗ, ಇವನ ಅಂಗಡಿಯಲ್ಲಿ, ಇವನ ಅಲೆನ್ ಕೀಯಲ್ಲಿ. ಅದನ್ನು ಹೇಳಿದೆ. ಉತ್ತರ ಇಲ್ಲ. ನೀಲಿ ಟಿಕ್ ಮಾತ್ರ.

ಮತ್ತೆ ಕೇಳಿದಾಗ, “ಗ್ಲಾಸ್ ಐಟಂಗೆ ವಾರಂಟಿ ಇರಲ್ಲ ಸಾರ್.” ಸ್ಕೋಪ್ ಅಂದರೆ ಗ್ಲಾಸ್ ಅಲ್ಲದೆ ಇನ್ನೇನು?

ಆಮೇಲೆ ಬಂತು ನೋಡಿ ಮಹಾ ಉತ್ತರ. “ಬಾಕ್ಸ್ ಮೇಲೆ ಏನು ಬರೆದಿದೆ ಓದಿ ಸಾರ್. ಹಂಟಿಂಗ್ ರೈಫಲ್ ಸ್ಕೋಪ್. ನೀವು ಸ್ಪ್ರಿಂಗ್ ಏರ್‌ಗನ್‌ಗೆ ಹಾಕಿದ್ದೀರ. ಹಾಳಾಗದೆ ಇನ್ನೇನಾಗುತ್ತೆ?”

ಓದಿದಿರಾ? ಅವನಿಗೆ ಗೊತ್ತಿತ್ತು! ಮಾರುವಾಗ ಏರ್‌ಗನ್ ಯಾವ ಲೆಕ್ಕ, ವಾಪಸ್ ತಂದಾಗ ಏರ್‌ಗನ್‌ಗೆ ಯಾಕೆ ಹಾಕಿದ್ರಿ. ಅದೇ ಬಾಯಿ, ಅದೇ ಡಬ್ಬ, ಅದೇ ಜಿಂಕೆ.

ಬಳಕೆದಾರರ ಆಯೋಗಕ್ಕೆ ಹೋಗುತ್ತೇನೆ ಅಂದೆ. “ಹೋಗಿ ಸಾರ್, ಪೊಲೀಸ್ ಹತ್ರಾನೂ ಹೋಗಿ. ಗನ್ ಯಾಕೆ ಇಟ್ಕೊಂಡಿದ್ದೀರ ಅಂತ ನಿಮ್ಮನ್ನೇ ಕೇಳ್ತಾರೆ” ಅಂತ ಹೆದರಿಸಿದ. 2016ರ ಆಯುಧ ನಿಯಮಗಳ ಪ್ರಕಾರ .177 ಮೀರದ, ಹೊಡೆತದ ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಗುರುತಿನ ಚೀಟಿ, ವಿಳಾಸದ ದಾಖಲೆ ಕೊಟ್ಟು ಬಿಲ್ ಸಮೇತ ಕೊಂಡಿದ್ದೇನೆ. ಇದನ್ನು ಬರೆದು ಕಳಿಸಿದ ಮೇಲೆ ನನ್ನ ನಂಬರ್ ಬ್ಲಾಕ್.

ಸ್ಕೋಪ್‌ಗೆ ಅವನು ಕೊಟ್ಟದ್ದು ಬಿಳಿ ಚೀಟಿ. ಜಿಎಸ್‌ಟಿ ಬಿಲ್ ಕೇಳಿದರೆ “ಹದಿನೆಂಟು ಪರ್ಸೆಂಟ್ ಜಾಸ್ತಿ ಆಗುತ್ತೆ” ಅಂದಿದ್ದ. ನೀವು ಬಿಲ್ ಬಿಡಬೇಡಿ, ಅಂಥವರ ಹತ್ತಿರ ವ್ಯಾಪಾರವೇ ಬೇಡ. ಯುಪಿಐನಲ್ಲಿ ಕಟ್ಟಿದ ದಾಖಲೆ, ವಾಟ್ಸಾಪ್ ಮಾತುಕತೆ ನನ್ನ ಹತ್ತಿರ ಇದೆ, ಅದೇ ಈಗ ಆಧಾರ. ಸ್ಪ್ರಿಂಗ್ ಏರ್‌ಗನ್‌ಗೆ ಆಗುತ್ತೆ ಅಂತ ಬರೆದುಕೊಡಿ ಅನ್ನಿ, ಬರೆಯದಿದ್ದರೆ ಬಿಡಿ. ಟ್ಯಾಂಕ್ ತೋರಿಸಿದರೆ, ಎದುರಿನ ಅಂಗಡಿಯ ಬೋರ್ಡ್ ನೋಡುತ್ತೇನೆ ಅನ್ನಿ. ಲೈಟು, ಲೇಸರ್, 50 ಇವೆಲ್ಲ ಬೇಡ. ಅದೇ ದುಡ್ಡಿಗೆ ಜೂಮ್ ಬದಲಾಗದ ಒಂದು ಸಾದಾ 4x32, ಏರ್‌ಗನ್‌ಗೆ ಅಂತಲೇ ಮಾಡಿದ್ದು, ಈ ಜಿಂಕೆ ಡಬ್ಬಕ್ಕಿಂತ ಸಾವಿರ ಪಾಲು ವಾಸಿ. ಗೆಳೆಯನ ಹತ್ತಿರ ಇರುವುದು ಅದೇ.

ಬಳಕೆದಾರರ 1915 ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಶಾಂತಿನಗರದ ಜಿಲ್ಲಾ ಬಳಕೆದಾರರ ಆಯೋಗ. ಐದು ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ವಿಷಯ ಇನ್ನೂ ನಡೆಯುತ್ತಿರುವುದರಿಂದ ಅಂಗಡಿ ಹೆಸರು ಕೇಳಬೇಡಿ. ಆದರೆ ಇದೇ ಜಿಂಕೆ ಡಬ್ಬ, ಇದೇ ಟ್ಯಾಂಕ್, ಇದೇ “ಯಾವ ಲೆಕ್ಕ” ನಿಮಗೂ ಸಿಕ್ಕಿದ್ದರೆ ನೀವೂ 1915ಕ್ಕೆ ಫೋನ್ ಮಾಡಿ, ಚೀಟಿ ಎಸೆಯಬೇಡಿ.