25,000 ರೂಪಾಯಿಯ ಹೊಸ ಸೊಪ್ರಾನೊ ಸ್ಯಾಕ್ಸ್ ಕೊಳ್ಳುವ ಮೊದಲು ಇದನ್ನೋದಿ

"25,000ಕ್ಕೆ ಹೊಸ ಸೊಪ್ರಾನೊ ಸಿಗ್ತದೆ, ತಗೊಳ್ಬಹುದಾ?" ಅಂತ ಕೇಳುವವರು ನಮ್ಮ ಕಡೆ ಹೆಚ್ಚಾಗಿದ್ದಾರೆ. ಸೊಪ್ರಾನೊ ಅಂದರೆ ಸ್ಯಾಕ್ಸೋಫೋನಿನ ಎತ್ತರದ ದನಿಯ ಚಿಕ್ಕ ಬಗೆ. ನನ್ನ ಉತ್ತರ ಬೇಡ ಅಂತಲೇ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಅಂಥದ್ದೊಂದು ನನ್ನ ಮನೆಯಲ್ಲಿದೆ.

ಕರಾವಳಿಯಲ್ಲಿ ಸ್ಯಾಕ್ಸೋಫೋನ್ ಅಂದರೆ ಆಲ್ಟೊ, ಸೊಪ್ರಾನೊಗಿಂತ ದೊಡ್ಡದು, ದನಿ ಅದಕ್ಕಿಂತ ತಗ್ಗು. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾಗಿ, ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದ ಮೇಲೆ ಮದುವೆ ಮನೆಯಿಂದ ದೇವಸ್ಥಾನದ ಬಲಿ ಉತ್ಸವದವರೆಗೆ ಅದೇ ದನಿ. ನಾನು ನುಡಿಸುವುದೂ ಅದನ್ನೇ. ನಮ್ಮ ಮೇಳದಲ್ಲಿ ಆಲ್ಟೊಗಳ ಮೇಲೆ ಒಂದು ಎತ್ತರದ ದನಿ, ನಾಗಸ್ವರದ ಹತ್ತಿರಕ್ಕೆ ಹೋಗುವಂಥದ್ದು, ಇದ್ದರೆ ಚೆನ್ನ ಅನ್ನಿಸಿ ಆನ್‌ಲೈನಿನಲ್ಲಿ ಒಂದು ನೇರ ಸೊಪ್ರಾನೊ ತರಿಸಿದೆವು. ಬ್ರ್ಯಾಂಡಿನ ಹೆಸರು ಬರೆಯುವುದಿಲ್ಲ. ಬರೆದು ಪ್ರಯೋಜನವೂ ಇಲ್ಲ, ಅದೇ ಪೀಪಿ ಬೇರೆ ನಾಲ್ಕಾರು ಹೆಸರಲ್ಲಿ ಮಾರಾಟಕ್ಕಿದೆ.

ಪೆಟ್ಟಿಗೆ ತೆರೆದಾಗ ಏನೂ ಕೊರತೆ ಕಾಣಲಿಲ್ಲ. ಬಂಗಾರದಂತೆ ಹೊಳೆಯುವ ಲ್ಯಾಕರ್, ಬೆಲ್ಲಿನ (ತುದಿಯ ಅಗಲ ಬಾಯಿಯ) ಮೇಲೆ ಹೂಬಳ್ಳಿಯ ಕೆತ್ತನೆ, ಬಿಳಿ ಕೈಗವಸು ಬೇರೆ! ಶ್ರುತಿಗೆ ಕೂತಾಗ ಗೊತ್ತಾಯಿತು. ಸೊಪ್ರಾನೊ ಬಿ ಫ್ಲ್ಯಾಟ್ ವಾದ್ಯ, ಡಿ ಬೆರಳು ಹಿಡಿದರೆ ಕೇಳುವುದು ಸಿ, ಅಂದರೆ ಹಾರ್ಮೋನಿಯಂ ಲೆಕ್ಕದ ಬಿಳಿ ಒಂದು. ಅದನ್ನೇ ಷಡ್ಜ ಮಾಡಿಕೊಂಡೆ. ಕೆಳಗಿನ ಸ ತಂಬೂರಿಗೆ ಸರಿಯಾಗಿ ಕೂತಿತು. ಬೆರಳು ಕದಲಿಸದೆ ಆಕ್ಟೇವ್ ಕೀ ಒತ್ತಿದರೆ ಮೇಲಿನ ಸ ಬರಬೇಕು. ಬಂತು, ಆದರೆ ಶ್ರುತಿ ಅಳೆಯುವ ಟ್ಯೂನರಿನ ಮುಳ್ಳು 30 ಸೆಂಟ್ ಮೇಲೆ ಹೋಗಿ ನಿಂತಿತು. ಅರ್ಧಸ್ವರಕ್ಕೆ 100 ಸೆಂಟ್ ಲೆಕ್ಕ, ಹಾಗಾಗಿ ಇದು ಸುಮಾರು ಅದರ ಮೂರನೇ ಒಂದು ಪಾಲು. ಟ್ಯೂನರೇ ಬೇಡ, ಅಡುಗೆ ಮನೆಯಿಂದಲೇ "ಅಪಶ್ರುತಿ" ಅಂತ ಕೂಗು ಬಂತು. ಅಂಗೈ ಕೀಗಳಿಂದ ಬರುವ ಅದಕ್ಕೂ ಮೇಲಿನ ಡಿ, ಇ ಫ್ಲ್ಯಾಟ್, ಎಫ್ ಇನ್ನೂ ಅತ್ತ.

ಬಾಯಿಗಿಡುವ ತುದಿಯನ್ನು, ಅಂದರೆ ಮೌತ್‌ಪೀಸನ್ನು, ಹೊರಗೆ ಎಳೆದರೆ ಸರಿಹೋಗುತ್ತದೆ ಅಂತ ಮಾರಿದವರು ಫೋನಿನಲ್ಲಿ ಹೇಳಿದರು. ಎಳೆದೆ. ಮೇಲಿನ ಸ ಸರಿಬರುವಷ್ಟು ಎಳೆಯುವಷ್ಟರಲ್ಲಿ ಕೆಳಗಿನ ಸ ತಂಬೂರಿಗಿಂತ ಇಳಿದಿತ್ತು. ಜೊತೆಗೆ ಬಂದ ಮೌತ್‌ಪೀಸ್ ತೆಗೆದು ಯಮಾಹ 4ಸಿ ಹಾಕಿದಾಗ ಅಂತರ ಕೊಂಚ ತಗ್ಗಿತು, ಹೋಗಲಿಲ್ಲ. ಉಳಿದದ್ದನ್ನು ತುಟಿ ಸಡಿಲಿಸಿ ಇಳಿಸಬಹುದು ನಿಜ. ಆದರೆ ನಾವು ನುಡಿಸುವ ಸಂಗೀತದಲ್ಲಿ ಆ ತುಟಿಯ ಸಡಿಲ ಬೇಕಿರುವುದು ಗಮಕಕ್ಕೆ. ತೋಡಿಯ ಗಾಂಧಾರ ಆಡಿಸಲು ಇಟ್ಟುಕೊಳ್ಳಬೇಕಾದ ದವಡೆಯನ್ನು ಬರೀ ಶ್ರುತಿ ರಿಪೇರಿಗೆ ಖರ್ಚು ಮಾಡಿದರೆ ರಾಗಕ್ಕೆ ಉಳಿಯುವುದೇನು? ಪಾಶ್ಚಾತ್ಯ ಸಂಗೀತ ನುಡಿಸುವವರಿಗಿಂತ ನಮಗೆ ಈ ದೋಷ ಜಾಸ್ತಿ ಕಾಡುವುದು ಇದಕ್ಕೇ. ಹಿಂದೆ ತಂಬೂರಿ ಒಂದೇ ಸಮ ಮಿಡಿಯುತ್ತಿರುತ್ತದೆ, ಅಡಗಿಕೊಳ್ಳಲು ಜಾಗವಿಲ್ಲ.

ಇದೇ ದರ್ಜೆಯ ಆಲ್ಟೊ ಆಗಿದ್ದರೆ ಹೇಗೋ ದಬ್ಬಬಹುದಿತ್ತು. ಸೊಪ್ರಾನೊದ ಕೊಳವೆ ಗಿಡ್ಡ, ಶಂಕುವಿನಾಕಾರದ ಬೋರ್ (ಒಳಗಿನ ಪೊಳ್ಳು) ಸಣ್ಣದು. ರಂಧ್ರ ಒಂದು ಮಿಲಿಮೀಟರ್ ಆಚೀಚೆ ಆದರೆ ಆಲ್ಟೊದಲ್ಲಿ ಆಗುವುದಕ್ಕಿಂತ ದೊಡ್ಡ ತಪ್ಪು ಇದರಲ್ಲಿ ಕಿವಿಗೆ ಬೀಳುತ್ತದೆ. ಅದಕ್ಕೇ ಒಳ್ಳೆಯ ಕಂಪನಿಗಳ ಪಟ್ಟಿಯಲ್ಲೂ ಗಾತ್ರ ಚಿಕ್ಕದೆಂದು ಸೊಪ್ರಾನೊ ಅಗ್ಗವಾಗಿರುವುದಿಲ್ಲ.

ಶ್ರುತಿಯ ಕಥೆ ಇಷ್ಟಾದರೆ, ಲೋಹದ್ದು ಇನ್ನೊಂದು. ತಗ್ಗಿನ ಬಿ ಮತ್ತು ಬಿ ಫ್ಲ್ಯಾಟ್ ಮೆಲ್ಲನೆ ಊದಿದರೆ ಬರುತ್ತಲೇ ಇರಲಿಲ್ಲ, ಗುಳುಗುಳು ಅಂತ ಒಡೆಯುತ್ತಿತ್ತು. ಸಿಗರೇಟ್ ಕಾಗದದ ಸಣ್ಣ ಪಟ್ಟಿಯನ್ನು ರಂಧ್ರ ಮುಚ್ಚುವ ಪ್ಯಾಡಿನ ಕೆಳಗಿಟ್ಟು, ಕೀಯನ್ನು ಹಗುರವಾಗಿ ಒತ್ತಿ ಎಳೆದು ನೋಡಿದೆ. ಮುಂದಿನ ಅಂಚಿನಲ್ಲಿ ಕಾಗದ ಬಿಗಿಯಾಗಿ ಹಿಡಿಯಿತು, ಹಿಂದಿನ ಅಂಚಿನಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರಿ ಬಂತು. ಅಂದರೆ ಪ್ಯಾಡ್ ಓರೆಯಾಗಿ ಕೂತಿದೆ, ಗಾಳಿ ಸೋರುತ್ತಿದೆ. ಕತ್ತಲ ಕೋಣೆಯಲ್ಲಿ ಒಳಗೆ ಸಣ್ಣ ಎಲ್‌ಇಡಿ ಸರ ಇಳಿಸಿದಾಗ ಇನ್ನೂ ಕೆಲವು ಕಡೆ ಬೆಳಕಿನ ಗೆರೆ ಕಂಡಿತು. ರಿಪೇರಿಯವರು ಹೊಂದಿಸಿಕೊಟ್ಟರು, ಕೆಲವೇ ಕಾರ್ಯಕ್ರಮಗಳಲ್ಲಿ ಮತ್ತೆ ಅದೇ ಅವಸ್ಥೆ. ಎರಡನೇ ಸಲ ಒಯ್ದಾಗ ಅವರು ಪಕ್ಕದ ಕೀಯೊಂದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಬಗ್ಗಿಸಿ ತೋರಿಸಿದರು. "ಇಷ್ಟು ಮೆದು ಮಾರಾಯ್ರೇ. ನಾನು ಸರಿ ಮಾಡ್ತೇನೆ, ನೀವು ಗಟ್ಟಿ ಹಿಡಿದು ನುಡಿಸ್ತೀರಿ, ಅದು ಪುನಃ ಬಾಗ್ತದೆ. ನಿಮ್ಮ ದುಡ್ಡು ತಗೊಳ್ಳಲಿಕ್ಕೆ ನನಗೇ ಮನಸ್ಸಿಲ್ಲ." ಮಳೆಗಾಲ ಬಂದ ಮೇಲೆ ಜಿ ಶಾರ್ಪ್ ಪ್ಯಾಡ್ ಅಂಟಿಕೊಳ್ಳತೊಡಗಿತು. ಇದು ಒಳ್ಳೆಯ ವಾದ್ಯಕ್ಕೂ ಬರುವ ಕಾಯಿಲೆ, ನಮ್ಮ ಹವೆಯಲ್ಲಂತೂ ಸಾಮಾನ್ಯ. ಆದರೆ ಇದರ ಸ್ಪ್ರಿಂಗಿಗೆ ಅದನ್ನು ಎಬ್ಬಿಸುವ ಕಸುವೂ ಇರಲಿಲ್ಲ.

ವಾಪಸ್ ಮಾಡಲು ಹೋದರೆ, ಬಾಯಿಗಿಟ್ಟ ವಾದ್ಯವನ್ನು ನೈರ್ಮಲ್ಯದ ಕಾರಣಕ್ಕೆ ಹಿಂದೆ ಪಡೆಯುವುದಿಲ್ಲವಂತೆ. ಊದದೆ ಪರೀಕ್ಷೆ ಮಾಡುವುದು ಹೇಗೆ ಅಂತ ಕೇಳಿದ್ದಕ್ಕೆ ಈವರೆಗೆ ಉತ್ತರವಿಲ್ಲ.

ಈಗ ಬ್ರ್ಯಾಂಡುಗಳ ವಿಷಯ. ಚೀನಾದ ತಿಯಾಂಜಿನ್ ಕಡೆಯ ಕಾರ್ಖಾನೆಗಳಲ್ಲಿ ಆಗುವ ಒಂದೇ ವಾದ್ಯಕ್ಕೆ ಖರೀದಿಸುವವರು ತಮಗೆ ಬೇಕಾದ ಹೆಸರು ಕೆತ್ತಿಸಿಕೊಳ್ಳುತ್ತಾರೆ. ಇದನ್ನು ಸ್ಟೆನ್ಸಿಲ್ ಅನ್ನುತ್ತಾರೆ. ಹಾಗಾಗಿ ಎರಡು ಅಪರಿಚಿತ ಹೆಸರುಗಳಲ್ಲಿ ಯಾವುದು ಉತ್ತಮ ಅಂತ ರಾತ್ರಿಯಿಡೀ ವಿಮರ್ಶೆ ಓದುವುದು ದಂಡ, ಎರಡೂ ಒಂದೇ ಅಚ್ಚಿನವು ಇರಬಹುದು. ಚೀನಾದ್ದೆಲ್ಲ ಕೆಟ್ಟದ್ದು ಅಂತಲ್ಲ, ಬೆಲೆಗೆ ತಕ್ಕ ಹಾಗೆ ಚೆನ್ನಾಗಿ ಮಾಡುವವರೂ ಅಲ್ಲಿದ್ದಾರೆ. ಯಾರು ಪರೀಕ್ಷಿಸಿ ಕಳಿಸುತ್ತಾರೆ ಅನ್ನುವುದೇ ಮುಖ್ಯ.

ತೈವಾನಿನ ಮಾತು ಬೇರೆ. ತೈಚುಂಗ್ ನಗರಕ್ಕೆ ಸೇರಿದ ಹೌಲಿ ಅನ್ನುವ ಊರು ಸ್ಯಾಕ್ಸೋಫೋನಿಗೇ ಹೆಸರುವಾಸಿ. ಜುಪಿಟರ್, ಪಿ. ಮೌರಿಯಾ ಇವೆಲ್ಲ ತೈವಾನಿನ ಬ್ರ್ಯಾಂಡುಗಳೇ, ಕೈಗೆಟಕುವ ಬೆಲೆಯಲ್ಲಿ ಕೆಲಸಕ್ಕೆ ಬರುವ ಸೊಪ್ರಾನೊ ಹುಡುಕುವವರು ನೋಡಬಹುದು. ನನ್ನನ್ನೇ ಕೇಳಿದರೆ ಜಪಾನಿನ ಹಳೆಯದಕ್ಕೆ ಹೋಗಿ ಅನ್ನುತ್ತೇನೆ. ಯಮಾಹದ ವೈಎಸ್‌ಎಸ್-475, ಯಾನಾಗಿಸಾವಾದ ಎಸ್-901, ಇವೆರಡೂ ಕೈಬದಲಾದ ಮೇಲೂ ಶ್ರುತಿ ಕೆಡಿಸಿಕೊಳ್ಳದ ಜಾತಿಯವು. ಯಾನಾಗಿಸಾವಾ ಕಂಪನಿ ಸ್ಯಾಕ್ಸೋಫೋನಿಗೇ ಮೀಸಲು, ಅದರಲ್ಲೂ ಅವರ ಸೊಪ್ರಾನೊಗೆ ಲೋಕದಲ್ಲಿ ಒಳ್ಳೆಯ ಹೆಸರಿದೆ. ಹೊಸ ಅಗ್ಗದ್ದರ ಕೆಲವು ಪಟ್ಟು ದುಡ್ಡು ಬೇಕು, ಹೌದು. ಆದರೆ ನಾಳೆ ಮಾರಿದರೆ ಆ ದುಡ್ಡಿನ ಬಹುಪಾಲು ವಾಪಸ್ ಬರುತ್ತದೆ. ನನ್ನದಕ್ಕೆ ಗಿರಾಕಿಯೇ ಇಲ್ಲ.

ಹಳೆಯದರಲ್ಲೂ ಗುಂಡಿಗಳಿವೆ. ಯಮಾಹದ ಹೆಸರಲ್ಲಿ ನಕಲಿಗಳು ಓಡಾಡುತ್ತವೆ, ಸೀರಿಯಲ್ ನಂಬರಿನ ಫೋಟೊ ಕೇಳದೆ ಮುಂಗಡ ಕೊಡಬೇಡಿ. ಸೆಲ್ಮರ್ ಅಂತ ಇದ್ದ ಮಾತ್ರಕ್ಕೆ ಅದು ಪ್ಯಾರಿಸಿನ ಹೆಸರಾಂತ ಸೆಲ್ಮರ್ ಕಂಪನಿಯದ್ದಲ್ಲ, ಅಮೆರಿಕದಲ್ಲಿ ವಿದ್ಯಾರ್ಥಿಗಳಿಗಾಗಿ ಮಾರಿದವುಗಳ ಮೇಲೂ ಆ ಹೆಸರಿದೆ. 'ಹೆನ್ರಿ ಸೆಲ್ಮರ್ ಪ್ಯಾರಿಸ್' ಅಂತ ಪೂರ್ತಿ ಇದೆಯಾ ನೋಡಿ. ವಿದೇಶದಲ್ಲಿರುವ ನೆಂಟರ ಮೂಲಕ ನೂರು ವರ್ಷ ಹಳೆಯ ಅಮೆರಿಕನ್ ವಾದ್ಯ ತರಿಸುವವರು ಇನ್ನೆರಡು ವಿಷಯ ನೋಡಬೇಕು. ಆ ಕಾಲದಲ್ಲಿ ಹೈ ಪಿಚ್ ಅಂತ ಎ ಸ್ವರ ಸೆಕೆಂಡಿಗೆ 457 ಕಂಪನದ ಆಸುಪಾಸಿಗೆ (ಈಗಿನ ವಾಡಿಕೆ 440) ಮಾಡಿದ ಸ್ಯಾಕ್ಸ್‌ಗಳಿದ್ದವು, ಸೀರಿಯಲ್ ನಂಬರಿನ ಬಳಿ ಎಚ್ ಅಥವಾ ಎಚ್‌ಪಿ ಎಂದಿರುತ್ತದೆ. ಅವನ್ನು 440ಕ್ಕೆ ಇಳಿಸಲು ಯಾವ ಮೌತ್‌ಪೀಸಿನಿಂದಲೂ ಆಗದು. ಇನ್ನೊಂದು, ಆಗ ಸಿ ಸೊಪ್ರಾನೊ ಅಂತಲೂ ಇತ್ತು, ನೋಡಲು ಬಿ ಫ್ಲ್ಯಾಟಿನ ತಮ್ಮನಂತೆಯೇ. ಮೇಳದಲ್ಲಿ ಕೂತ ಮೇಲೆಯೇ ಬೆರಳು ಬೇರೆ ಸ್ವರ ಬೇರೆ ಅಂತ ತಿಳಿಯುವುದು.

ಮಕ್ಕಳಿಗೆ ಮುದ್ದಾಗಿ ಕಾಣುತ್ತದೆ ಅಂತ ಬಾಗಿದ ಸೊಪ್ರಾನೊ ಕೊಡಿಸುವವರಿಗೆ ಒಂದೇ ಮಾತು: ಕಲಿಕೆ ಆಲ್ಟೊದಲ್ಲಾಗಲಿ.

ನೋಡಲು ಹೋಗುವಾಗ ನಿಮ್ಮದೇ ಮೌತ್‌ಪೀಸ್, ಎರಡು ಅಥವಾ ಎರಡೂವರೆ ನಂಬರಿನ ರೀಡ್ (ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಕಂಪಿಸುವ ಪಟ್ಟಿ), ಫೋನಿನಲ್ಲಿ ಟ್ಯೂನರ್ ಮತ್ತು ತಂಬೂರಿ ಆ್ಯಪ್, ಒಂದು ಸಿಗರೇಟ್ ಕಾಗದ ಇಟ್ಟುಕೊಳ್ಳಿ. ಮೊದಲು ಡಿ, ಆಮೇಲೆ ಅದರ ಮೇಲಿನ ಡಿ, ಆಮೇಲೆ ಅಂಗೈ ಕೀಗಳು, ಕೊನೆಗೆ ತಗ್ಗಿನ ಬಿ ಫ್ಲ್ಯಾಟ್ ಪಿಸುಮಾತಿನಷ್ಟು ಮೆಲ್ಲಗೆ. ಮಾರುವವರು ದೂರದಲ್ಲಿದ್ದರೆ ಇಷ್ಟನ್ನೇ ಟ್ಯೂನರಿನ ಪರದೆ ಕಾಣುವಂತೆ ವಿಡಿಯೊ ಮಾಡಿ ಕಳಿಸಲು ಹೇಳಿ. ಕಳಿಸಲು ಹಿಂಜರಿದರೆ ಬೇರೆಯವರನ್ನು ನೋಡಿ, ಹಬ್ಬದ ರಿಯಾಯಿತಿ ಇವತ್ತೇ ಕೊನೆ ಅಂದರೂ.