ಆಸ್ಕರ್‌ಗೆ ಮುಂಚೆ ಸಿನಿಮಾ ಮುಗಿಸಬೇಕಾ? ಬಾಡಿಗೆಗೆ ತಗೊಳ್ಳಿ

ಆಸ್ಕರ್ ನಾಮಿನೇಷನ್ ಪಟ್ಟಿ ಬಂದ ಕೂಡಲೇ, ಪ್ರಶಸ್ತಿ ಕೊಡುವಷ್ಟರಲ್ಲಿ ಎಲ್ಲ ನೋಡಿಬಿಡಬೇಕು ಅನ್ನೋ ಹುಚ್ಚು ನನಗಿದೆ. ದಾರಿ ಮೂರು: ಥಿಯೇಟರ್, ಓಟಿಟಿ ಚಂದಾ, ಆನ್‌ಲೈನ್‌ನಲ್ಲಿ ಒಂದೊಂದೇ ಸಿನಿಮಾ ಬಾಡಿಗೆಗೆ ತಗೊಳ್ಳೋದು. ಮೂರನ್ನೂ ಬಳಸಿ ನೋಡಿದ್ದೇನೆ. ಈಗ ಬಾಡಿಗೆ ಬಿಟ್ಟು ಬೇರೆ ಕಡೆ ಮನಸ್ಸು ಹೋಗೋದು ಕಷ್ಟ.

2025ರದ್ದನ್ನೇ ನೋಡಿ. ಜನವರಿ 23ಕ್ಕೆ ಪಟ್ಟಿ ಬಂತು, ಮಾರ್ಚ್ 2ಕ್ಕೆ ಸಮಾರಂಭ. ಸಿಕ್ಕಿದ್ದು ಐದು ವಾರ ಚಿಲ್ಲರೆ. ಅತ್ಯುತ್ತಮ ಚಿತ್ರದ ಸಾಲಲ್ಲೇ 10 ಸಿನಿಮಾ. ಅದರಲ್ಲಿ ‘ದಿ ಬ್ರೂಟಲಿಸ್ಟ್’ ಒಂದೇ 215 ನಿಮಿಷ, ನಡುವಿನ 15 ನಿಮಿಷದ ಬಿಡುವೂ ಸೇರಿ.

ಓಟಿಟಿ ಚಂದಾ ಲೆಕ್ಕಕ್ಕೆ ಅಗ್ಗ. ಒಂದು ತಿಂಗಳ ದುಡ್ಡು ಕಟ್ಟಿದರೆ ಬೇಕಾದಷ್ಟು ನೋಡಬಹುದು, ಅಲ್ವಾ? ಆದರೆ ಪಟ್ಟಿಯ ಸಿನಿಮಾಗಳೆಲ್ಲ ಒಂದೇ ಆ್ಯಪ್‌ನಲ್ಲಿ ಸಿಗೋದಿಲ್ಲ. ಹಕ್ಕುಗಳನ್ನು ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರಿರುತ್ತಾರೆ. 13 ನಾಮಿನೇಷನ್ ಪಡೆದ ‘ಎಮಿಲಿಯಾ ಪೆರೆಜ್’ ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ ಪಾಲು, ಫ್ರಾನ್ಸಿನಲ್ಲಿ ಅದನ್ನು ಥಿಯೇಟರಿಗೆ ತಂದದ್ದು ಪಾಥೆ ಅನ್ನೋ ಸಿನಿಮಾ ಕಂಪನಿ. ಹಾಗಾಗಿ ‘ಯಾವುದು ಎಲ್ಲಿ ಸಿಗುತ್ತೆ’ ಅನ್ನೋ ಪಟ್ಟಿಗಳು ಎಷ್ಟೋ ಸಲ ಬೇರೆ ದೇಶದವರಿಗೆ ಕೆಲಸಕ್ಕೇ ಬರೋದಿಲ್ಲ.

ಅದನ್ನೂ ಸಹಿಸಬಹುದು. ನನಗೆ ನಿಜಕ್ಕೂ ಸಿಟ್ಟು ಬರಿಸಿದ್ದು ಆ್ಯಪ್‌ನ ಹುಡುಕಾಟ. ಸಿನಿಮಾ ಹೆಸರು ಹೊಡೆದೆ, ಪೋಸ್ಟರ್ ಬಂತು, ಟ್ರೇಲರ್ ಕೂಡ ಓಡಿತು. ಚಂದಾ ಕಟ್ಟಿ ಒಳಗೆ ಹೋದರೆ, ಈ ಸಿನಿಮಾ ನಿಮ್ಮ ಪ್ಲಾನ್‌ನಲ್ಲಿ ಇಲ್ಲ, ಬೇಕಾದರೆ ಬಾಡಿಗೆ ಕಟ್ಟಿ ಅಂತು. ಚಂದಾ ತೆಗೆದುಕೊಂಡವರಿಗೂ ಮೇಲೆ ಬಾಡಿಗೆ! ಈ ಮಾತನ್ನು ದುಡ್ಡು ಕೀಳುವ ಮುಂಚೆ ಹೇಳಬಾರದಾ?

ಇನ್ನೊಂದು ಸಿನಿಮಾಕ್ಕೆ ‘ಶೀಘ್ರದಲ್ಲೇ’ ಅಂತ ಬೋರ್ಡು. ಆ ಶೀಘ್ರ ಸಮಾರಂಭ ಮುಗಿದರೂ ಬರಲಿಲ್ಲ. ಗ್ರಾಹಕ ಸೇವೆಗೆ ಬರೆದರೆ, ನಿಮ್ಮ ಆಸಕ್ತಿಗೆ ಧನ್ಯವಾದ ಅಂತ ಉತ್ತರ. ಅಷ್ಟರಲ್ಲಿ ಚಂದಾ ತಾನೇ ನವೀಕರಣ ಆಗಿ ಇನ್ನೊಂದು ತಿಂಗಳ ದುಡ್ಡೂ ಕಟ್ ಆಗಿತ್ತು.

ಅಂದಹಾಗೆ, ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಓಟು ಹಾಕುವ ಸದಸ್ಯರಿಗೆ ಈ ಗೋಳು ಇಲ್ಲ. ಅವರಿಗೇ ಅಂತ ಬೇರೆ ಸ್ಟ್ರೀಮಿಂಗ್ ವ್ಯವಸ್ಥೆ ಇದೆ. ಆದರೂ ಒಂದು ವಿಭಾಗದ ಎಲ್ಲ ಸಿನಿಮಾ ನೋಡಿದರೆ ಮಾತ್ರ ಆ ವಿಭಾಗದ ಕೊನೆಯ ಸುತ್ತಿನಲ್ಲಿ ಓಟು ಅಂತ 2025ರ ಏಪ್ರಿಲ್‌ನಲ್ಲಿ ನಿಯಮ ಮಾಡಬೇಕಾಯಿತು!

ಥಿಯೇಟರ್ ಬಗ್ಗೆ ಹೆಚ್ಚು ಹೇಳೋದಿಲ್ಲ. ತೆರೆ, ಸದ್ದು ಎರಡಕ್ಕೂ ಸಾಟಿ ಇಲ್ಲ. ಆದರೆ 2025ರ ಪಟ್ಟಿಯಲ್ಲಿದ್ದ ‘ಡ್ಯೂನ್: ಪಾರ್ಟ್ ಟೂ’ 2024ರ ಮಾರ್ಚ್‌ನಲ್ಲೇ ಬಂದಿತ್ತು. ಪಟ್ಟಿ ಬಂದ ಮೇಲೆ ಹುಡುಕುವವರಿಗೆ ಥಿಯೇಟರ್ ತಡ.

ಬಾಡಿಗೆಯಲ್ಲಿ ನೋಡಿದ್ದಕ್ಕಷ್ಟೇ ದುಡ್ಡು. ಸಾಮಾನ್ಯವಾಗಿ ಶುರು ಮಾಡೋಕೆ 30 ದಿನ, ಪ್ಲೇ ಒತ್ತಿದ ಮೇಲೆ ಮುಗಿಸೋಕೆ 48 ಗಂಟೆ. ರಾತ್ರಿ ಅರ್ಧ, ಮಾರನೇ ರಾತ್ರಿ ಅರ್ಧ ನೋಡುವ ನನ್ನಂಥವರಿಗೆ ಅದು ಸರಿಯಾಗಿ ಹೊಂದುತ್ತೆ. ಗಡುವು ಇರೋದರಿಂದ ಮುಗಿಸಿಯೂ ಮುಗಿಸುತ್ತೇನೆ. ಚಂದಾದಲ್ಲಿ ಉಳಿಸಿಟ್ಟ ಸಿನಿಮಾಗಳು ಸುಮ್ನೆ ಧೂಳು ತಿನ್ನುತ್ತವೆ. ಸಬ್‌ಟೈಟಲ್ ಇದೆಯಾ ಅಂತ ನೋಡೋಕೆ ಪ್ಲೇ ಒತ್ತಬೇಡಿ, ಗಡಿಯಾರ ಆಗಲೇ ಓಡೋಕೆ ಶುರು. ವಿವರದ ಪುಟದಲ್ಲಿ ಭಾಷೆಗಳ ಸಾಲು ಇರುತ್ತೆ, ಅಲ್ಲೇ ನೋಡಿಕೊಳ್ಳಿ. ಹೊಸ ಸಿನಿಮಾಗಳ ಬಾಡಿಗೆ ಮೊದಮೊದಲು ಜಾಸ್ತಿ, ಆಮೇಲೆ ಇಳಿಯುತ್ತೆ. ಅವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಿ.

ಕಿರುಚಿತ್ರಗಳು ಮೂರು ವಿಭಾಗ ಸೇರಿ 15. ಕೆಲವು ಯೂಟ್ಯೂಬ್‌ನಲ್ಲೇ ಪುಕ್ಕಟೆ ಸಿಗುತ್ತವೆ.

ಇನ್ನು ಮುಂದೆ ನನ್ನ ಲೆಕ್ಕ ಹೀಗೆ: ಒಂದೋ ಎರಡೋ ದೊಡ್ಡ ತೆರೆಯ ಸಿನಿಮಾ ಥಿಯೇಟರಲ್ಲಿ, ಉಳಿದದ್ದು ಬಾಡಿಗೆಯಲ್ಲಿ. ಚಂದಾ ಬೇಕೇ ಬೇಕಾದರೆ ಒಂದೇ ತಿಂಗಳಿಗೆ, ಅದನ್ನೂ ಕಟ್ಟಿದ ದಿನವೇ ರದ್ದು ಮಾಡಿ.