ಹಳದಿ ಪೆನ್ನಾ, ಬಿಳಿ ಹಾಳೆಯಾ?

ಸೆಕೆಂಡ್ ಪಿಯುಸಿಯಲ್ಲಿ ನನ್ನ ಕೆಮಿಸ್ಟ್ರಿ ಪುಸ್ತಕ ಜಾತ್ರೆ ಅಂಗಡಿಯಂತಿತ್ತು. ಮುಖ್ಯ ಸಾಲಿಗೆ ಹಳದಿ ಹೈಲೈಟರ್ ಪೆನ್ನು, ವ್ಯಾಖ್ಯೆಗೆ ಗುಲಾಬಿ, ‘ಪಕ್ಕಾ ಬರುತ್ತೆ’ ಅಂತ ಸೀನಿಯರ್ ಹೇಳಿದ್ದಕ್ಕೆ ಹಸಿರು. ಆರ್ಗ್ಯಾನಿಕ್ ಪಾಠಗಳಿಗೆ ಬರುವ ಹೊತ್ತಿಗೆ ಬಣ್ಣ ಬಳಿಯದ ಸಾಲನ್ನೇ ಹುಡುಕಬೇಕಿತ್ತು. ನಾಲ್ಕನೇ ಸಲ ಓದುವಾಗ ಪ್ರತಿ ಪುಟವೂ ಪರಿಚಯದ ಮುಖ. ಆ ಧೈರ್ಯದಲ್ಲೇ ಪ್ರಿಪರೇಟರಿಗೆ ಹೋದೆ.

ಕ್ಯಾನಿಜಾರೋ ಕ್ರಿಯೆ ವಿವರಿಸಿ ಅಂತ ಕೇಳಿದ್ದರು. ಆ ಪುಟ ಕಣ್ಣಿಗೆ ಕಟ್ಟಿದಂತಿದೆ: ಎಡಗಡೆ, ಕೆಳಗೆ, ಗುಲಾಬಿ ಬಣ್ಣ. ಬಣ್ಣ ಕಾಣುತ್ತಿದೆ, ಅದರಡಿಯ ಅಕ್ಷರ ಕಾಣುತ್ತಿಲ್ಲ. ಕೊನೆಗೆ ಬರೆದು ಬಂದದ್ದು ಆಲ್ಡಾಲ್ ಅನ್ನುವ ಬೇರೆಯೇ ಕ್ರಿಯೆ. ಅದು ತಪ್ಪು ಅಂತ ಬರೆಯುವಾಗಲೇ ಅನುಮಾನ ಬಂದು, ಅಂಗೈ ಬೆವರಿ, ಗೊತ್ತಿದ್ದ ಇನ್ನೆರಡು ಪ್ರಶ್ನೆಗಳೂ ಕೈಕೊಟ್ಟವು.

ಬೋರ್ಡ್ ಪರೀಕ್ಷೆಗೆ ನಲವತ್ತು ದಿನವಿತ್ತು. ಹೇಗಿದ್ದರೂ ಹಾಳಾಗಿದೆ, ಇನ್ನೊಂದು ದಾರಿಯನ್ನೂ ನೋಡಿಬಿಡೋಣ ಅಂತ ಕೆಮಿಸ್ಟ್ರಿ, ಬಯಾಲಜಿಗಳನ್ನು ಬಿಳಿ ಹಾಳೆಗೆ ಬಿಟ್ಟೆ. ಫಿಸಿಕ್ಸ್ ಮಾತ್ರ ಹಳೇ ಪದ್ಧತಿಯಲ್ಲೇ ಉಳಿಯಿತು. ಬಿಳಿ ಹಾಳೆ ಅಂದರೆ ಇಷ್ಟೇ: ಪಾಠ ಒಂದು ಸಲ ಓದು, ಪುಸ್ತಕ ಮುಚ್ಚು, ನೆನಪಿದ್ದಷ್ಟನ್ನೂ ಬರಿ. ಆಮೇಲೆ ಪುಸ್ತಕ ತೆರೆದು, ಬಿಟ್ಟದ್ದನ್ನು ಕೆಂಪಿನಲ್ಲಿ ತುಂಬು.

ಮೊದಲ ದಿನ ಅರ್ಧ ಪುಟವೂ ತುಂಬಲಿಲ್ಲ. ಬ್ಯಾಕ್ಟೀರಿಯಾದ ಜೀನ್‌ಗಳು ಆನ್-ಆಫ್ ಆಗುವುದನ್ನು ತೋರಿಸುವ ಲ್ಯಾಕ್ ಓಪೆರಾನ್ ಚಿತ್ರದಲ್ಲಿ, ಅವನ್ನು ತಡೆಯುವ ರೆಪ್ರೆಸರ್ ಎಲ್ಲಿ ಕೂರುತ್ತದೆ ಅನ್ನುವುದೂ ಮರೆತಿತ್ತು. ಸುಳ್ಳು ಹೇಳುವುದಿಲ್ಲ, ಅಳು ಬಂತು. ಹಳದಿ ಪೆನ್ನು ಹಿಡಿದಾಗ ಯಾವತ್ತೂ ಹೀಗಾಗಿರಲಿಲ್ಲ. ಅದರ ಜೊತೆ ಸಂಜೆಯೆಲ್ಲ ಹಿತವಾಗಿ ಕಳೆಯುತ್ತಿತ್ತು. ಆದರೆ ನಾಲ್ಕು ದಿನ ಬಿಟ್ಟು ಅದೇ ಪಾಠವನ್ನು ಮತ್ತೆ ಬರೆದಾಗ ಕೆಂಪು ಕಡಿಮೆಯಾಗಿತ್ತು, ಹತ್ತು ದಿನದ ಮೇಲೆ ಇನ್ನೂ ಕಡಿಮೆ. ಆಲ್ಡಾಲ್, ಕ್ಯಾನಿಜಾರೋ ಗೊಂದಲವೂ ಕೆಂಪು ಶಾಯಿಯಲ್ಲೇ ಕರಗಿತು: ಆಲ್ಡಿಹೈಡ್‌ನಲ್ಲಿ ಆಲ್ಫಾ ಹೈಡ್ರೋಜನ್ (ಅಂದರೆ ಆಲ್ಡಿಹೈಡ್ ಗುಂಪಿನ ಪಕ್ಕದ ಕಾರ್ಬನ್ನಿಗೆ ಅಂಟಿದ ಹೈಡ್ರೋಜನ್) ಇದ್ದರೆ ನೀರು ಬೆರೆಸಿದ ತೆಳು ಕ್ಷಾರ ಸಾಕು, ಆಲ್ಡಾಲ್. ಇಲ್ಲದಿದ್ದರೆ ಸಾಂದ್ರ ಕ್ಷಾರ, ಕ್ಯಾನಿಜಾರೋ. ಒಂದು ಅಣು ಆಲ್ಕೋಹಾಲ್, ಇನ್ನೊಂದು ಆಮ್ಲದ ಲವಣ.

ಇದು ನನ್ನೊಬ್ಬನ ವಿಚಿತ್ರವಲ್ಲ ಅಂತ ಆಮೇಲೆ ತಿಳಿಯಿತು. ಅಮೆರಿಕದ ರೋಡಿಗರ್, ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನೇ ಪ್ರಯೋಗ ಮಾಡಿ ಪ್ರಕಟಿಸಿದ್ದರು. ಐದು ನಿಮಿಷದ ನಂತರ ಪರೀಕ್ಷಿಸಿದರೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ. 42, ನೆನಪಿನಿಂದ ಬರೆದವರಿಗೆ ಶೇ. 56. ಹಳದಿ ಪೆನ್ನು ನನಗೆ ಮೋಸ ಮಾಡಿದ್ದು ಆ ಐದು ನಿಮಿಷದಲ್ಲೇ.

ಅಂಕಕ್ಕಿಂತ ನನಗೆ ದೊಡ್ಡದೆನಿಸಿದ್ದು ಭಯದ ಲೆಕ್ಕ. ಬಣ್ಣ ಬಳಿದ ಫಿಸಿಕ್ಸ್‌ನಲ್ಲಿ ಮನೆಯಲ್ಲಿ ನೆಮ್ಮದಿ, ಹಾಲ್‌ನಲ್ಲಿ ನಡುಕ. ಬಿಳಿ ಹಾಳೆಯ ಕೆಮಿಸ್ಟ್ರಿಯಲ್ಲಿ ಅವಮಾನವೆಲ್ಲ ಮನೆಯಲ್ಲೇ ಮುಗಿದು, ಹಾಲ್‌ಗೆ ಹೋಗುವಷ್ಟರಲ್ಲಿ ಖರ್ಚಾಗಿತ್ತು. ಹೈಲೈಟರ್‌ನಿಂದ ಉಪಯೋಗವೇ ಇಲ್ಲ ಅನ್ನಲಾರೆ. ಜ್ವರ ಬಂದ ದಿನ, ಬಸ್ಸಿನಲ್ಲಿ, ಏನೂ ಬೇಡ ಅನ್ನಿಸಿದಾಗ ಅದೇ ಸರಿ.

ಬೆಳಗಿನ ಜಾವವೋ, ರಾತ್ರಿಯೋ? ನಾಲ್ಕಕ್ಕೆ ಎದ್ದರೆ ಸರಸ್ವತಿ ನಾಲಿಗೆ ಮೇಲೆ ಕೂರುತ್ತಾಳೆ ಅಂತ ಅಮ್ಮ. ಎರಡು ವಾರ ಎದ್ದೆ, ಸರಸ್ವತಿ ಬದಲು ಆಕಳಿಕೆ ಬಂತು. ಹತ್ತಕ್ಕೆ ಮಲಗಿದ್ದರೆ ಮಾತ್ರ ಜಾವದ ಓದು ಸೊಗಸು. ರಾತ್ರಿ ಒಂದರ ತನಕ ಕೂತು ನಾಲ್ಕಕ್ಕೆ ಏಳುವ ಶೂರತನಕ್ಕಿಂತ ಓದದೇ ಮಲಗುವುದೇ ವಾಸಿ.

ಗೆಳೆಯರ ಜೊತೆ ಟೆರೇಸ್ ಮೇಲಿನ ಓದು ಅರ್ಧ ಒಳ್ಳೆಯದು. ಇನ್ನೊಬ್ಬನಿಗೆ ಫಿಸಿಕ್ಸ್‌ನ ವೀಟ್‌ಸ್ಟನ್ ಬ್ರಿಡ್ಜ್ (ವಿದ್ಯುತ್ ರೋಧ ಅಳೆಯುವ ಮಂಡಲ) ಹೇಳಿಕೊಡಲು ಹೋದರೆ ನಮ್ಮ ಬಂಡವಾಳ ಬಯಲಾಗುತ್ತದೆ, ಅದೂ ಒಂದು ಬಿಳಿ ಹಾಳೆಯೇ. ಉಳಿದರ್ಧ ‘ನಂದು ಎರಡು ರಿವಿಷನ್ ಆಯ್ತು, ನಿಂದು?’ ಅನ್ನುವುದು. ಆ ಪ್ರಶ್ನೆ ಕೇಳುವವನು ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ.

ಸಿಇಟಿಗೆ ಲೆಕ್ಕವೇ ಬೇರೆ. 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ಒಂದಕ್ಕೆ 80 ಸೆಕೆಂಡ್. ಗೈಡಿನಲ್ಲಿ ಪಾಠವಾರು ಪ್ರಶ್ನೆ ಬಿಡಿಸುವಾಗ ಸೂತ್ರ ಯಾವುದೆಂದು ಪಾಠದ ಹೆಸರೇ ಹೇಳಿಬಿಡುತ್ತದೆ. ಹಳೇ ಪತ್ರಿಕೆಯನ್ನು ಗಡಿಯಾರ ಇಟ್ಟು ಬಿಡಿಸಿದಾಗ ಆ ಊರುಗೋಲು ಇರುವುದಿಲ್ಲ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡದ ಅಭ್ಯಾಸವೂ ಅಲ್ಲೇ ಆಯಿತು.

ಎದೆಬಡಿತಕ್ಕೆ ಎರಡು ಮದ್ದು ನೋಡಿದೆ. ನಿಧಾನವಾಗಿ ಉಸಿರು ಬಿಡುವುದು ಒಂದು: ಒಳಗೆ ನಾಲ್ಕೆಣಿಕೆ, ಹೊರಗೆ ಆರೆಣಿಕೆ. ಹಾಲ್‌ನಲ್ಲಿ ಯಾರಿಗೂ ಗೊತ್ತಾಗದಂತೆ ಮಾಡಬಹುದು, ಕೈನಡುಕ ಇಳಿಯುತ್ತದೆ. ಇನ್ನೊಂದು, ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಭಯವನ್ನೇ ಬರೆದು ಹರಿದು ಹಾಕುವುದು. ಕೆಮಿಸ್ಟ್ರಿ ದಿನ ಗೇಟಿನ ಗದ್ದಲದಿಂದ ದೂರ, ಹೊಂಗೆ ಮರದ ಕೆಳಗೆ ಕೂತು ಬರೆದೆ. ‘ಅಪ್ಪ ಏನಂತಾರೋ’ ಅನ್ನುವ ಒಂದೇ ಸಾಲು ಮೂರು ಸಲ ಬಂದಿತ್ತು. ನನಗೆ ಹೆಚ್ಚು ಹಿಡಿಸಿದ್ದು ಇದೇ.

ಗಣಿತದ ಹಿಂದಿನ ರಾತ್ರಿ ಮಾತ್ರ ಯಾವುದೂ ನಡೆಯಲಿಲ್ಲ. ಉಸಿರು ಎಣಿಸಿದೆ, ಬರೆದೆ, ಹರಿದೆ. ಹನ್ನೊಂದಕ್ಕೆ ಎದ್ದು ಹೊರಗೆ ಬಂದರೆ ಜಗಲಿಯಲ್ಲಿ ಅಪ್ಪ ಅಟ್ಟದಿಂದ ಇಳಿಸಿದ ಕೊಬ್ಬರಿ ಬಿಡಿಸುತ್ತಾ ಕೂತಿದ್ದರು. ಅರಸೀಕೆರೆ ಕಡೆ ನಮ್ಮದು. ‘ಓದಿದ್ಯಾ’ ಅಂತ ಕೇಳಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟರು. ನಾನೂ ಕೂತು ಕರಟ ಬಿಡಿಸಿದೆ. ಮೂವತ್ತೋ ನಲವತ್ತೋ ಕಾಯಿ ಆದ ಮೇಲೆ ನಿದ್ದೆ ಬಂತು.